ಬಾರ್ಬಿ ಆಡಿದ ಒಂದು ಮಾತು

2024ರ ಅಕ್ಟೋಬರಿನಲ್ಲಿ ಮಗನ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ, ಮೊಮ್ಮಗಳ ಒತ್ತಾಯಕ್ಕೆ ಮಣಿದು ಕೆನ್ಸಿಂಗ್‌ಟನ್ನಿನ ಡಿಸೈನ್ ಮ್ಯೂಸಿಯಂನಲ್ಲಿ ಏರ್ಪಡಿಸಿದ್ದ ಬಾರ್ಬಿ ಗೊಂಬೆಯ ಪ್ರದರ್ಶನವನ್ನು ನೋಡಿದೆ. ದಸರೆಯ ಪಟ್ಟದ ಗೊಂಬೆಗಳ ನಡುವೆ ಬೆಳೆದ ನನಗೆ ಈ ವಿಲಾಯತಿ ಗೊಂಬೆಯ ಮೇಲೆ ವಿಶೇಷ ಗೌರವವೇನೂ ಇರಲಿಲ್ಲ.

ಗಾಜಿನ ಹಿಂದೆ 1959ರ ಮೊದಲ ಬಾರ್ಬಿ ನಿಂತಿತ್ತು. ಕಪ್ಪು ಬಿಳುಪು ಪಟ್ಟೆಯ ಈಜುಡುಗೆ, ಎತ್ತಿ ಕಟ್ಟಿದ ಜುಟ್ಟು, ಓರೆನೋಟ. ಇದರ ಹಿಂದೆ ಒಬ್ಬ ತಾಯಿಯ ಕಣ್ಣಿದೆ. ಅಮೆರಿಕದ ಮ್ಯಾಟೆಲ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ರೂತ್ ಹ್ಯಾಂಡ್ಲರ್, ತಮ್ಮ ಮಗಳು ಬಾರ್ಬರಾ ಕಾಗದದ ಗೊಂಬೆಗಳಿಗೆ ದೊಡ್ಡವರ ಪಾತ್ರ ಕೊಟ್ಟು ಆಡುವುದನ್ನು ಗಮನಿಸಿದ್ದರು. ಆಗ ಹೆಣ್ಣುಮಕ್ಕಳ ಕೈಗೆ ಬರುತ್ತಿದ್ದುದು ಹೆಚ್ಚಾಗಿ ಕೂಸಿನ ಗೊಂಬೆ. ತಾಯ್ತನವೊಂದನ್ನೇ ಅಭ್ಯಾಸ ಮಾಡಿಸುವ ಆಟಿಕೆ. 1956ರ ಯುರೋಪ್ ಪ್ರವಾಸದಲ್ಲಿ ರೂತ್ ಅವರಿಗೆ ಜರ್ಮನಿಯ ಲಿಲ್ಲಿ ಗೊಂಬೆ ಸಿಕ್ಕಿತು. ಲಿಲ್ಲಿ ಬಿಲ್ಡ್ ಪತ್ರಿಕೆಯ ವ್ಯಂಗ್ಯಚಿತ್ರದ ನಾಯಕಿ. ಆ ಗೊಂಬೆ ಮೊದಲು ವಯಸ್ಕರ ವಿನೋದಕ್ಕೆಂದು ಹುಟ್ಟಿದ್ದು. ಅದರ ಮಾದರಿಯಲ್ಲಿ ರೂಪಿಸಿ, ಜಪಾನಿನಲ್ಲಿ ತಯಾರಿಸಿ, ಮಗಳ ಹೆಸರಿಟ್ಟು, 1959ರ ಮಾರ್ಚ್ 9ರಂದು ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಬಾರ್ಬಿಯನ್ನು ಮುಂದಿಟ್ಟರು. 1965ರಲ್ಲೇ ಅದಕ್ಕೆ ಗಗನಯಾತ್ರಿಯ ಉಡುಪು ಬಂತು. ಮನುಷ್ಯ ಚಂದ್ರನ ಮೇಲೆ ಕಾಲಿಡಲು ಇನ್ನೂ ನಾಲ್ಕು ವರ್ಷವಿತ್ತು. (ಆ ಸೊಂಟವಂತೂ ಯಾವ ಹೆಣ್ಣಿಗೂ ಇರಲಾರದು. ಅದನ್ನು ಹೊಗಳಲಾರೆ.)

ನನ್ನನ್ನು ತಡೆದು ನಿಲ್ಲಿಸಿದ ವರ್ಷ 1992. ಆ ವರ್ಷ ಬಾರ್ಬಿ ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸುವ ವೇಷದಲ್ಲಿ ಬಂದಳು. ಅದೇ ವರ್ಷ ಬಂದ ಮಾತನಾಡುವ ಬಾರ್ಬಿಯೊಂದು, ಗಣಿತದ ತರಗತಿ ಕಷ್ಟವೆಂದು ಹೇಳಿತು! ಮಹಿಳಾ ಸಂಘಟನೆಗಳು ಪ್ರತಿಭಟಿಸಿದವು. ಕಂಪನಿ ಆ ಮಾತನ್ನು ಕೈಬಿಟ್ಟು, ಬೇಡವೆಂದವರಿಗೆ ಗೊಂಬೆಯನ್ನು ಬದಲಿಸಿಕೊಡಲು ಒಪ್ಪಿತು.

ಲೆಕ್ಕದ ಮೇಷ್ಟರ ಅಭ್ಯಾಸ ಬಿಡುವುದೇ? ಮನೆಗೆ ಮರಳುವಾಗ ರೈಲಿನಲ್ಲಿ ಎಣಿಸಿದೆ. ಒಟ್ಟು 270 ಮಾತುಗಳಲ್ಲಿ ಒಂದೊಂದು ಗೊಂಬೆಗೆ ನಾಲ್ಕನ್ನು ಮಾತ್ರ ಹಾಕಿದ್ದರು. ಸಮನಾಗಿ ಹಂಚಿದ್ದರೆ, ನೂರು ಗೊಂಬೆಗಳಲ್ಲಿ ಆ ಮಾತು ಆಡಿದ್ದು ಒಂದೋ ಎರಡೋ. ಅದೇ ಕಾಲದಲ್ಲಿ, ಹತ್ತನೆಯ ತರಗತಿಯಲ್ಲಿ, ನಾನು ಹೆಣ್ಣುಮಕ್ಕಳ ಸಾಲಿನ ಕಡೆ ತಿರುಗಿ, "ಪ್ರಮೇಯ ಬಾಯಿಪಾಠ ಮಾಡಿಕೊಳ್ಳಿ, ಪಾಸಾಗುತ್ತೀರಿ. ಅನ್ವಯದ ಲೆಕ್ಕ ನಿಮಗೆ ಬೇಡ" ಎನ್ನುತ್ತಿದ್ದೆ. ಕರುಣೆಯಿಂದಲೇ ಹೇಳುತ್ತಿದ್ದೆನೆಂದು ನಂಬಿದ್ದೆ. ಒಮ್ಮೆ ಮೂರನೆಯ ಬೆಂಚಿನ ಹುಡುಗಿಯೊಬ್ಬಳು, ಅರ್ಧ ಬಿಡಿಸಿದ್ದ ಲೆಕ್ಕದ ಮೇಲೆ ನೋಟುಪುಸ್ತಕವನ್ನು ಮುಚ್ಚಿದ್ದು ಈಗಲೂ ಕಣ್ಣಮುಂದಿದೆ. ಅವಳ ಉತ್ತರ ಸರಿಯಾದ ದಾರಿಯಲ್ಲೇ ಇತ್ತು. ನಾನು ನೋಡಿಯೂ ಹೇಳಲಿಲ್ಲ.

ಆ ಸಾಲಿನಲ್ಲಿ ಕುಳಿತಿದ್ದ ನೀವು ಯಾರಾದರೂ ಇದನ್ನು ಓದುತ್ತಿದ್ದರೆ, ಅಂದು ನಾನು ಹೇಳಿದ್ದು ತಪ್ಪು. ಆ ಮಾತನ್ನು ಹಿಂದೆಗೆದುಕೊಳ್ಳುತ್ತಿದ್ದೇನೆ.