ಜ್ವರ ಬಿಟ್ಟ ಮೇಲೆ ಉಳಿಯುವುದು

ವೈಟ್‌ಫೀಲ್ಡ್ ಎಂಬ ಫಲಕ ಹೊತ್ತ ರೈಲು ನಿಲ್ದಾಣ ನಿಜಕ್ಕೂ ಇರುವುದು ಕಾಡುಗೋಡಿಯಲ್ಲಿ. ಅಲ್ಲಿಂದ ಪೂರ್ವಕ್ಕೆ ಹೊರಟ ಗಾಡಿ ಸ್ವಲ್ಪ ಹೊತ್ತಿಗೇ ಮಾಲೂರು ಮುಟ್ಟುತ್ತದೆ. ಕೋಲಾರ ಜಿಲ್ಲೆ ಶುರು. ವೈರಸ್ ಸೋಂಕಿನ ದೀರ್ಘ ಪರಿಣಾಮಗಳ ಬಗ್ಗೆ ಕರ್ನಾಟಕದಲ್ಲಿ ನಡೆದ ಸಂಶೋಧನೆಯ ಒಂದು ಮುಖ್ಯ ಎಳೆ ಈ ಸೀಮೆಯಿಂದಲೇ ಬಂದದ್ದು.

ಅದಕ್ಕೂ ಮೊದಲು ನಮ್ಮಲ್ಲಿ ವೈರಾಣು ಎಂದರೆ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಅದನ್ನು ಗುರುತಿಸಿದ ಪುಣೆಯ ವಿಜ್ಞಾನಿಗಳ ಗಮನವೆಲ್ಲ ಉಣ್ಣೆ, ಮಂಗ, ಸಾವಿನ ಸಂಖ್ಯೆಗಳ ಮೇಲಿತ್ತು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ತಲೆನೋವು, ನಡುಕ ಬರುತ್ತಿದ್ದುದು ದಾಖಲಾಯಿತು, ನಿಜ. ಆದರೆ ಬದುಕಿದವನು ವಾಸಿಯಾದವನು ಎಂಬುದೇ ಅಂದಿನ ಲೆಕ್ಕ.

ಆ ಲೆಕ್ಕ ತಪ್ಪಿದ್ದು ಕೋಲಾರದ ಮೆದುಳು ಜ್ವರದಲ್ಲಿ. ಕೆರೆ, ಭತ್ತದ ಗದ್ದೆ, ಕ್ಯೂಲೆಕ್ಸ್ ಸೊಳ್ಳೆ, ಕೊಕ್ಕರೆ, ಹಂದಿ: ಜಪಾನೀಸ್ ಎನ್ಸೆಫಲೈಟಿಸ್ ವೈರಸ್‌ಗೆ ಬೇಕಾದದ್ದೆಲ್ಲ ಅಲ್ಲಿತ್ತು. ಸೋಂಕು ತಗುಲಿದ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಮೆದುಳಿಗೆ ಏರಿದರೆ ಮಾತ್ರ ನೂರರಲ್ಲಿ 20ರಿಂದ 30 ಮಂದಿ ಸಾಯುತ್ತಾರೆ. ಉಳಿದವರಲ್ಲಿ 30ರಿಂದ 50 ಪ್ರತಿಶತ ಜನರಿಗೆ ಕೈಕಾಲಿನ ಬಲಹೀನತೆ, ಮೂರ್ಛೆ, ಬುದ್ಧಿ ಮಂಕಾಗುವುದು ಕಾಯಂ. ಮಗುವನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ತಾಯಿಗೆ ಕಾಯಿಲೆ ಮುಗಿಯಿತು ಎಂದು ಯಾವ ಬಾಯಿಂದ ಹೇಳುವುದು?

ಇಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ನಿಮ್ಹಾನ್ಸ್ ಬರುತ್ತದೆ. ನರವೈರಾಣು ವಿಭಾಗದಲ್ಲಿ ದಶಕಗಳ ಕಾಲ ದುಡಿದ ಡಾ. ವಿ. ರವಿ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪುಟ್ಟ ಪ್ರಬಂಧವೊಂದು ನನ್ನ ದೃಷ್ಟಿಯಲ್ಲಿ ಸಿಗಬೇಕಾದಷ್ಟು ಮನ್ನಣೆ ಪಡೆಯಲಿಲ್ಲ. ಕಾಯಿಲೆ ಶುರುವಾಗಿ ಮೂರು ವಾರ ದಾಟಿದ ಮೇಲೂ ಕೆಲವು ರೋಗಿಗಳ ಮಿದುಳುಬಳ್ಳಿಯ ದ್ರವದಲ್ಲಿ ವೈರಸ್ ಉಳಿದಿತ್ತು ಎಂಬುದು ಅದರ ಸಾರ. ಲಖನೌದ ಸಂಶೋಧಕರು ಎರಡು ವರ್ಷ ಮೊದಲೇ, ಮಕ್ಕಳ ರಕ್ತಕಣಗಳಲ್ಲಿ ಇದೇ ವೈರಸ್ ಅಡಗಿರುವುದನ್ನು ವರದಿ ಮಾಡಿದ್ದರು. ಅಂದರೆ ಉಳಿದ ತೊಂದರೆಗೆ ಹಳೆಯ ಗಾಯವೊಂದೇ ಕಾರಣವಲ್ಲ, ವೈರಿ ಇನ್ನೂ ಒಳಗಿರಬಹುದು. ನಿಮ್ಹಾನ್ಸ್ ವೈದ್ಯರಿಗೆ ಈ ಯೋಚನೆ ಹೊಸದೇನೂ ಆಗಿರಲಿಲ್ಲ. ದಡಾರ ಎದ್ದು ಹೋದ ಎಷ್ಟೋ ವರ್ಷಗಳ ಮೇಲೆ ಮಗು ಪಾಠ ಮರೆಯತೊಡಗಿ, ಮೈ ಬೆಚ್ಚಿ ಬೆಚ್ಚಿ ಬಿದ್ದು, ಕೊನೆಗೆ ಹಾಸಿಗೆ ಹಿಡಿಯುವ ಎಸ್‌ಎಸ್‌ಪಿಇ ಎಂಬ ಮೆದುಳಿನ ಕಾಯಿಲೆ ಅವರ ವಾರ್ಡುಗಳಿಗೆ ಪರಿಚಿತ. ಅದಕ್ಕೆ ಇಂದಿಗೂ ಗುಣಪಡಿಸುವ ಮದ್ದಿಲ್ಲ, ಲಸಿಕೆಯೊಂದೇ ದಾರಿ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಬೆಂಗಳೂರಿನಿಂದಲೇ ಶುರುವಾಯಿತು.

ಕೋಲಾರದ ವೈರಸ್ಸೂ ಲಸಿಕೆಯಾಯಿತು. 1980ರ ದಶಕದ ಆರಂಭದಲ್ಲಿ ಅಲ್ಲಿ ಬೇರ್ಪಡಿಸಿದ ತಳಿಯಿಂದಲೇ ಹೈದರಾಬಾದಿನ ಭಾರತ್ ಬಯೋಟೆಕ್ 2013ರಲ್ಲಿ 'ಜೆನ್‌ವ್ಯಾಕ್' ತಂದಿತು.

2006ರಲ್ಲಿ ಚಿಕೂನ್‌ಗುನ್ಯ ಬಂದಾಗ ಪಾಠ ಸಾಮೂಹಿಕವಾಯಿತು. ದೇಶದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು ಕರ್ನಾಟಕದವು. ಸತ್ತವರು ಕಡಿಮೆ, ಆದರೆ ಬೆಳಗ್ಗೆ ಎದ್ದು ಚೊಂಬು ಹಿಡಿಯಲಾಗದವರು ಊರೂರಲ್ಲಿ. ಕೀಲುನೋವು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬಿಡಲಿಲ್ಲ. ಕೂಲಿ ನಷ್ಟವನ್ನು ಆರೋಗ್ಯ ಇಲಾಖೆಯ ಯಾವ ಕಾಲಂನಲ್ಲಿ ಬರೆಯುತ್ತಾರೋ!

ಕೋವಿಡ್ ಬಂದಾಗ ರಾಜ್ಯದ ಜಿನೋಮ್ ನಿಗಾದ ಹೊಣೆ ಇದೇ ಡಾ. ರವಿಯವರ ಹೆಗಲಿಗೆ ಬಂತು. 2021ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘ ಕೋವಿಡ್‌ಗೆ ವ್ಯಾಖ್ಯೆ ಕೊಟ್ಟಿತು: ಸೋಂಕಿನ ಮೂರು ತಿಂಗಳ ನಂತರವೂ ಕಾಣಿಸಿಕೊಂಡು, ಕನಿಷ್ಠ ಎರಡು ತಿಂಗಳು ಉಳಿದು, ಬೇರೆ ಕಾರಣ ಸಿಗದ ಲಕ್ಷಣಗಳು. ಮರುವರ್ಷ ಹಾರ್ವರ್ಡ್ ತಂಡ ಒಂದು ಕೋಟಿ ಅಮೆರಿಕನ್ ಸೈನಿಕರ ದಾಖಲೆ ಜಾಲಾಡಿ, ಎಪ್‌ಸ್ಟೈನ್-ಬಾರ್ ವೈರಸ್ ಸೋಂಕಿನ ನಂತರ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಬರುವ ಅಪಾಯ 32 ಪಟ್ಟು ಏರುತ್ತದೆ ಎಂದಿತು. ಸೈನ್ಯ ವರ್ಷಾನುಗಟ್ಟಲೆ ರಕ್ತ ಕಾದಿಟ್ಟಿದ್ದರಿಂದ ಅದು ಸಾಧ್ಯವಾಯಿತು. ಆದರೆ ನಮ್ಮಲ್ಲಿ, ಹನ್ನೊಂದು ತಿಂಗಳ ಬಾಡಿಗೆ ಕರಾರಿನ ಮೇಲೆ ಬದುಕುವ ಕಾಡುಗೋಡಿ-ಹೂಡಿಯ ಟೆಕ್ಕಿಯನ್ನೋ, ಕಟ್ಟಡ ಕಾರ್ಮಿಕನನ್ನೋ ಹತ್ತು ವರ್ಷ ಹಿಂಬಾಲಿಸುವುದು ಹೇಗೆ? ಕಂಪನಿಗಳ ವಾರ್ಷಿಕ ತಪಾಸಣೆಯ ದಾಖಲೆಗಳು ಒಂದಕ್ಕೊಂದು ಮಾತಾಡಿದರೆ ಅರ್ಧ ಕೆಲಸವಾದರೂ ಆದೀತು.

ವೈರಸ್ ಉಳಿದಿದೆಯೋ, ಅಥವಾ ಅದು ಹೋದ ಮೇಲೂ ರೋಗನಿರೋಧಕ ಶಕ್ತಿ ಮೈಯ ಮೇಲೇ ತಿರುಗಿಬಿದ್ದಿದೆಯೋ ಎಂಬುದೇ ಈಗಲೂ ಚರ್ಚೆ. 2024ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ದೀರ್ಘ ಕೋವಿಡ್ ರೋಗಿಗಳಿಗೆ 15 ದಿನ ಪ್ಯಾಕ್ಸ್‌ಲೋವಿಡ್ ಎಂಬ ವೈರಸ್ ನಿರೋಧಕ ಮದ್ದು ಕೊಟ್ಟು ನೋಡಿತು, ಸುಧಾರಣೆ ಕಾಣಲಿಲ್ಲ. ಒಳಗೆ ವೈರಸ್ಸೇ ಇರಲಿಲ್ಲವೋ, 15 ದಿನ ಸಾಲಲಿಲ್ಲವೋ ಎಂಬುದನ್ನು ಆ ಪ್ರಯೋಗ ಬಗೆಹರಿಸಲಿಲ್ಲ.