ಉಣ್ಣು ಎನ್ನುವ ರೋಗ, ಬೇಡ ಎನ್ನುವ ರೋಗ

ಕುರುಡಾಗಿದ್ದ ಟಿಪ್ಪುವಿನ ಆನೆಗೆ ದೃಷ್ಟಿ ಮರಳಿದ್ದರಿಂದ ನಂಜನಗೂಡಿನ ದೇವರಿಗೆ ‘ಹಕೀಂ ನಂಜುಂಡ’ ಎಂಬ ಹೆಸರು ಬಂತೆಂದು ಪ್ರತೀತಿ. ರೋಗ ಕಳೆಯಲೆಂದು ಹರಕೆ ಹೊತ್ತು ಕಪಿಲೆಯಲ್ಲಿ ಮಿಂದವರಿಗೆ ಲೆಕ್ಕವಿಲ್ಲ. ಆದರೆ ನಂಜನಗೂಡು, ಟಿ. ನರಸೀಪುರ ಸೀಮೆಗೆ ಹತ್ತಿರದ ಮೈಸೂರಿನಲ್ಲಿ ಕ್ಷಯಕ್ಕೆಂದೇ ಒಂದು ಆಸ್ಪತ್ರೆಯಿದೆ. ಅದರ ಹಿಂದೆ ಅರಮನೆಯದೇ ಶೋಕವಿದೆ.

ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿ ಕ್ಷಯಕ್ಕೆ ಬಲಿಯಾದರು. ಅವರ ನೆನಪಿಗಾಗಿ 1921ರಲ್ಲಿ ಸ್ಯಾನಿಟೋರಿಯಂ ಸ್ಥಾಪನೆಯಾಯಿತು. ಆಗ ಕ್ಷಯಕ್ಕೆ ಮದ್ದಿರಲಿಲ್ಲ. ಶುದ್ಧ ಗಾಳಿ, ವಿಶ್ರಾಂತಿ, ಹಾಲು ಮೊಟ್ಟೆಗಳ ಪುಷ್ಟಿಕರ ಊಟ - ಇವೇ ಅಂದಿನ ಸ್ಯಾನಿಟೋರಿಯಂಗಳ ಚಿಕಿತ್ಸೆ. ಸಕ್ಕರೆ ಕಾಯಿಲೆಯವರಿಗೋ ಇದಕ್ಕೆ ತದ್ವಿರುದ್ಧವಾದ ಅರೆಹೊಟ್ಟೆಯ ಪಥ್ಯ. ಎರಡೂ ರೋಗ ಇದ್ದವರು ಉಂಡರೂ ಕಷ್ಟ, ಬಿಟ್ಟರೂ ಕಷ್ಟ!

ಅದೇ 1921ರಲ್ಲಿ ಕೆನಡಾದ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದರು. ಕ್ಷಯಕ್ಕೆ 1940ರ ದಶಕದಲ್ಲಿ ಸ್ಟ್ರೆಪ್ಟೋಮೈಸಿನ್ ದೊರೆಯಿತು. ಮದ್ದುಗಳೇನೋ ಬಂದವು, ಸಕ್ಕರೆಯ ಅಳತೆ ಮಾತ್ರ ಬಹುಕಾಲ ಅಂದಾಜಿನದಾಗಿತ್ತು. ಮೂತ್ರವನ್ನು ಬೆನೆಡಿಕ್ಟ್ ದ್ರಾವಣದೊಡನೆ ಕಾಯಿಸಿ, ನೀಲಿ ಬಣ್ಣ ಹಸಿರಾಯಿತೋ ಇಟ್ಟಿಗೆ ಕೆಂಪಾಯಿತೋ ಎಂದು ನೋಡುತ್ತಿದ್ದರು. ಬೆರಳ ತುದಿಯ ಹನಿ ರಕ್ತದಿಂದ ಸಕ್ಕರೆ ಹೇಳುವ ಗ್ಲುಕೋಮೀಟರ್ ಬಂದದ್ದು ಆಮೇಲೆ.

ಸಕ್ಕರೆ ಕಾಯಿಲೆ ಇದ್ದವರಿಗೆ ಕ್ಷಯ ತಗಲುವ ಸಾಧ್ಯತೆ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಇಬ್ಬಗೆಯ ರೋಗಿಗಳನ್ನು ಒಟ್ಟಿಗೆ ನೋಡಿಕೊಳ್ಳಲು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ, ಭಾರತ ಸರ್ಕಾರ 2017ರಲ್ಲಿ ಮಾರ್ಗಸೂಚಿ ಹೊರಡಿಸಿದವು. ಕ್ಷಯ ಪತ್ತೆಯಾದವರೆಲ್ಲರ ಸಕ್ಕರೆಯನ್ನೂ ಪರೀಕ್ಷಿಸಬೇಕೆಂಬುದು ಈಗಿನ ನಿಯಮ.

ಆದರೆ ಒಮ್ಮೆ ನೋಡಿದರೆ ಸಾಲದು. ಸೋಂಕಿನ ಬೇಗೆಯಲ್ಲಿ ಏರಿದ ಸಕ್ಕರೆ, ಚಿಕಿತ್ಸೆ ಹಿಡಿದ ಮೇಲೆ ತಾನೇ ಇಳಿಯಬಹುದು. ಇನ್ನು ಕ್ಷಯದ ಮುಖ್ಯ ಔಷಧಿಯಾದ ರಿಫಾಂಪಿಸಿನ್, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳನ್ನು ಯಕೃತ್ತು ಬೇಗ ಹೊರಹಾಕುವಂತೆ ಮಾಡಿ ಅವುಗಳ ಬಲ ಕುಗ್ಗಿಸುತ್ತದೆ. ಆಗ ಸಕ್ಕರೆ ಮತ್ತೆ ಏರಬಹುದು. ಮೊದಲ ದಿನದ ಅಂಕಿಯನ್ನು ನಂಬಿ ಆರು ತಿಂಗಳು ಒಂದೇ ಪ್ರಮಾಣದ ಮಾತ್ರೆ ನುಂಗುವಂತಿಲ್ಲ. ಸಕ್ಕರೆ ಹತೋಟಿ ತಪ್ಪಿದರೆ ಕ್ಷಯ ಮರುಕಳಿಸುವ, ಸಾವು ಸಂಭವಿಸುವ ಅಪಾಯ ಹೆಚ್ಚು.

ಬರಿಹೊಟ್ಟೆಯಲ್ಲಿ ಬಂದು ರಕ್ತ ಕೊಟ್ಟು, ಉಂಡು, ಎರಡು ಗಂಟೆ ಕಾದು ಮತ್ತೆ ಕೊಡುವುದೆಂದರೆ ಹಳ್ಳಿಯ ಕೂಲಿಕಾರರಿಗೆ ಒಂದು ದಿನದ ದುಡಿಮೆ ಹೋದಂತೆ. ಕ್ಷಯದ ಮಾತ್ರೆ ಕೊಡುವ ಕಡೆಯಲ್ಲೇ, ಅದೇ ದಿನ, ಬೆರಳು ಚುಚ್ಚಿ ಸಕ್ಕರೆಯನ್ನೂ ನೋಡಿ ಬರೆದಿಟ್ಟರೆ ಆ ಹೊರೆ ಬಹುಮಟ್ಟಿಗೆ ತಪ್ಪುತ್ತದೆ.