ಉಲ್ಟಾ ಚೂಡಿ

ಜೀಪು ಅಂದರೆ ನಮ್ಮ ಕಡೆಯವರಿಗೆ ಸರ್ಕಾರವೇ ಊರೊಳಗೆ ಬಂದ ಹಾಗೆ. ನಾನು ರಾಣೆಬೆನ್ನೂರಿನಲ್ಲಿ ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ ಧೂಳೆಬ್ಬಿಸಿಕೊಂಡು ಜೀಪು ಬಂತೆಂದರೆ ಒಂದೋ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು, ಇಲ್ಲವೇ ಮಲೇರಿಯಾದವರು, ಅವರೂ ಅಲ್ಲದಿದ್ದರೆ ಎಲೆಕ್ಷನ್ನಿನವರು. ಅದರ ಹಿಂದೆ ಓಡುತ್ತಿದ್ದ ಹುಡುಗರಲ್ಲಿ ನಾನೂ ಒಬ್ಬ. 1979ರಲ್ಲಿ ಪುಣೆಗೆ ಬಂದು ಪಿಂಪ್ರಿಯ ಕಾರ್ಖಾನೆಯೊಂದರ ಡ್ರಾಯಿಂಗ್ ವಿಭಾಗದಲ್ಲಿ ಕೂತ ಮೇಲೂ ಆ ಹುಚ್ಚು ಬಿಡಲಿಲ್ಲ. ಕೊನೆಗೆ 2005ರಲ್ಲಿ ಫಲ್ಟಣದ ಕಡೆಯ ಕಬ್ಬಿನ ರೈತರೊಬ್ಬರ ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಗೂಡಾಗಿ ನಿಂತಿದ್ದ ಹಳೆಯದೊಂದು ಗಾಡಿಯನ್ನು ಕೊಂಡು ತಂದೆ. ಅದು ಜೀಪಲ್ಲ, ಜೀಪಿನ ಅಣ್ಣ. ಮಹೀಂದ್ರ ಎಫ್.ಸಿ.-150 ಎನ್ನುವ ಪುಟ್ಟ ಲಾರಿ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಇರುವಂಥದ್ದು.

ಈ ಲಾರಿಯ ವಂಶಾವಳಿ ಸ್ವಲ್ಪ ಹೇಳಬೇಕು. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು 1941ರಿಂದ 1945ರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಯುದ್ಧ ಮುಗಿದ ವರ್ಷವೇ, 1945ರಲ್ಲಿ, ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಸೋದರರು ಮತ್ತು ಮಲಿಕ್ ಗುಲಾಂ ಮೊಹಮ್ಮದ್ ಸೇರಿ ಉಕ್ಕಿನ ವ್ಯಾಪಾರಕ್ಕೆ ಒಂದು ಕಂಪನಿ ಕಟ್ಟಿದರು. ದೇಶ ಒಡೆಯಿತು, ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 'ಮಹೀಂದ್ರ ಅಂಡ್ ಮೊಹಮ್ಮದ್' ಇದ್ದದ್ದು 1948ರಲ್ಲಿ 'ಮಹೀಂದ್ರ ಅಂಡ್ ಮಹೀಂದ್ರ' ಆಯಿತು. ಅಷ್ಟರಲ್ಲಿ ಅವರು ಜೀಪಿಗೂ ಕೈ ಹಾಕಿಯಾಗಿತ್ತು. ಅಮೆರಿಕದಿಂದ ಬಿಡಿಭಾಗ ತರಿಸಿ ಮುಂಬಯಿಯ ಮಜಗಾಂವ್‌ನಲ್ಲಿ ಜೋಡಿಸುತ್ತಿದ್ದರು.

ಎಫ್.ಸಿ. ಅಂದರೆ ಫಾರ್ವರ್ಡ್ ಕಂಟ್ರೋಲ್. ಡ್ರೈವರನ ಸೀಟನ್ನು ಎಂಜಿನ್ನಿನ ಹಿಂದಿಡದೆ ಅದರ ಪಕ್ಕಕ್ಕೆ, ಮುಂದಿನ ಚಕ್ರದ ಮೇಲಕ್ಕೆ ಏರಿಸಿಬಿಡುವುದು. ವಿಲ್ಲೀಸ್‌ನವರು 1956ರ ಕೊನೆಗೆ ಇದನ್ನು ಹೊರತಂದಾಗ ಎರಡು ಆ್ಯಕ್ಸಲ್‌ಗಳ ನಡುವೆ ಬರೀ 81 ಇಂಚು, ಆದರೂ ಹಿಂದೆ ಸಾಮಾನಿಗೆ 74 ಇಂಚು ಉದ್ದದ ಜಾಗ. ಒಂದೇ ತೊಂದರೆ, ಭಾರವೆಲ್ಲ ಮುಂದೆ. ಜೋರಾಗಿ ಬ್ರೇಕು ಹಾಕಿದರೆ ಹಿಂಬದಿ ಏಳುತ್ತದೆಂದು ಹಿಂದಿನ ಆ್ಯಕ್ಸಲ್ಲಿನ ಹತ್ತಿರ 250 ಪೌಂಡಿನ ತೂಕದ ಕಲ್ಲು ಕಟ್ಟಿದಂತೆ ಕಬ್ಬಿಣ ಇಟ್ಟಿದ್ದರಂತೆ. ನಮ್ಮ ದೇಶದಲ್ಲಿ ಮಹೀಂದ್ರದವರು 1965ರಿಂದ ಈ ಲಾರಿ ಮಾಡಿದರು.

ಇಷ್ಟನ್ನೂ ಯಾಕೆ ಹೇಳಿದೆ ಅಂದರೆ, ಈ ಗಾಡಿಯಲ್ಲಿ ಕೂತವರ ಕುರ್ಚಿಯ ಕೆಳಗೇ ಮುಂದಿನ ಚಕ್ರ ಇರುತ್ತದೆ. ಬಲಗಡೆ ಚಕ್ರದ ಮೇಲೆ ನಾನು, ಎಡಗಡೆ ಚಕ್ರದ ಮೇಲೆ ನನ್ನ ಹೆಂಡತಿ.

2006ರ ದೀಪಾವಳಿಗೆ ಇದರಲ್ಲೇ ಊರಿಗೆ ಹೋಗೋಣ ಅಂತ ಹೊರಟೆವು. ಆಗ ಅದು ನ್ಯಾಷನಲ್ ಹೈವೇ 4, ಈಗ 48. ಸಾತಾರಾ ಕಡೆಯಿಂದ ಪುಣೆಗೆ ಬರುವವರಿಗೆ ಖಂಬಾಟ್ಕಿಯಲ್ಲಿ ಸುರಂಗ ಇತ್ತು. ಊರಿಗೆ ಹೋಗುವ ನಮಗೆ ಹಳೆಯ ಘಾಟಿಯೇ ಗತಿ. ಅರ್ಧ ಘಾಟಿ ಹತ್ತಿದಾಗ ಎಡಗಡೆಯಿಂದ 'ಟಕ್... ಟಕ್...' ಶುರುವಾಯಿತು. "ನನ್ನ ಕಾಲ ಬುಡದಾಗ ಯಾರೋ ಬಡಿಯಾಕ್ಹತ್ತ್ಯಾರ ನೋಡ್ರಿ" ಅಂದಳು. ಘಾಟಿ ಇಳಿದು ಒಂದು ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿದೆ. ಹುಡುಗ ಚಕ್ರದ ನಟ್ಟಿಗೆ ಸ್ಪ್ಯಾನರ್ ಹಾಕಿದ. ಅಲ್ಲಾಡಲಿಲ್ಲ. ಸ್ಪ್ಯಾನರಿಗೆ ಉದ್ದದ ಪೈಪು ಸೇರಿಸಿ ಅದರ ಮೇಲೆ ಹತ್ತಿ ನಿಂತ. 'ಫಟ್' ಅಂತ ಒಂದು ಸ್ಟಡ್ಡು ಮುರಿಯಿತು. ನಾನು 'ತಡಿಯಪ್ಪಾ' ಅನ್ನುವಷ್ಟರಲ್ಲಿ ಇನ್ನೊಂದು.

ಹುಡುಗನದು ತಪ್ಪಲ್ಲ. ತಪ್ಪು ಇದ್ದರೆ ಗೊತ್ತಿದ್ದೂ ಬಾಯಿ ಬಿಡದ ನನ್ನದು. ಹಳೆಯ ಜೀಪುಗಳ ಎಡಗಡೆ ಚಕ್ರದ ನಟ್ಟುಗಳದ್ದು ಉಲ್ಟಾ ಚೂಡಿ. ತಿರುಪಿನ ಸುತ್ತಿಗೆ ಹಿಂದಿಯಲ್ಲಿ ಚೂಡಿ, ಮರಾಠಿಯಲ್ಲಿ ಆಟೆ ಅಂತಾರೆ. ಲೋಕದ ನಟ್ಟುಗಳೆಲ್ಲ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತವೆ, ಇವು ಸಡಿಲಾಗುತ್ತವೆ. ಕಾರಣ ತಿಳಿಯಬೇಕಾದರೆ ನಿಮ್ಮ ಮನೆಯ ಸೈಕಲ್ಲಿನ ಎಡ ಪೆಡಲ್ ಬಿಚ್ಚಿ ನೋಡಿ, ಅದೂ ಉಲ್ಟಾನೇ. ತಿರುಗುವ ಭಾಗದ ಮೇಲೆ ಭಾರ ಸುತ್ತುತ್ತಾ ಬಿದ್ದರೆ, ಸ್ವಲ್ಪವೇ ಸಡಿಲವಿದ್ದ ತಿರುಪು ಕೂದಲೆಳೆಯಷ್ಟು ತೆವಳುತ್ತಾ ಬಿಚ್ಚಿಕೊಳ್ಳುತ್ತದೆ; ಎರಡು ಬದಿಗೆ ಎರಡು ದಿಕ್ಕಿನ ಚೂಡಿ ಕೊಟ್ಟರೆ ಆ ತೆವಳಿಕೆಯೇ ಬಿಗಿ ಮಾಡುತ್ತದೆ ಎಂಬ ಲೆಕ್ಕ. ಆಮೇಲೆ ನಟ್ಟಿನ ಬುಡವನ್ನು ಶಂಕುವಿನ ಹಾಗೆ ಮಾಡಿ ಸರಿಯಾಗಿ ಬಿಗಿದರೆ ಸಾಕು, ಉಲ್ಟಾ ಬೇಕಿಲ್ಲ ಅಂತ ಗೊತ್ತಾಯಿತು. ಆದರೂ ಅಮೆರಿಕದ ಕ್ರೈಸ್ಲರ್ ಕಂಪನಿ 1970ರವರೆಗೂ ಉಲ್ಟಾ ಚೂಡಿಯನ್ನು ಬಿಡಲಿಲ್ಲ.

ಚಕ್ರ ಕಳಚಿದ ಮೇಲೆ ಸದ್ದಿನ ಮೂಲ ಕಂಡಿತು. ಹಳೆಯ ಮಾಲೀಕರು ಅಗಲವಾದ ಟೈರು ಹಾಕಿಸಿದ್ದರು. ಅದು ಒಳಗಡೆ ಸ್ಪ್ರಿಂಗಿಗೆ ಉಜ್ಜದಿರಲಿ ಅಂತ ಹಬ್ಬಿಗೂ ಚಕ್ರಕ್ಕೂ ನಡುವೆ ಒಂದೊಂದು ದಪ್ಪ ಬಿಲ್ಲೆ ಇಡಿಸಿದ್ದರು. ಇದಕ್ಕೇ ಅಡಾಪ್ಟರ್ ಅನ್ನುವುದು. ಅದರ ಐದು ತೂತು ಹಬ್ಬಿನ ಐದು ಸ್ಟಡ್ಡಿನ ಮೇಲೆ ಕೂತು ನಟ್ಟು ಬಿಗಿಸಿಕೊಳ್ಳುತ್ತವೆ. ಅದರದ್ದೇ ಬೇರೆ ಐದು ಸ್ಟಡ್ಡು ಹೊರಗೆ ಚಾಚಿ ಚಕ್ರವನ್ನು ಹಿಡಿಯುತ್ತವೆ. ನಮ್ಮ ಎಡಗಡೆಯ ಬಿಲ್ಲೆಯಲ್ಲಿ ಒಂದು ತೂತಿನಿಂದ ಅಂಚಿನವರೆಗೆ ಕೂದಲಿನಂಥ ಬಿರುಕು. ಮುರಿದ ಸ್ಟಡ್ಡುಗಳು ಅಡಾಪ್ಟರಿನವು, ಹಬ್ಬಿನವು ನೆಟ್ಟಗಿದ್ದವು. ಹಾಗಾಗಿ ಬಿಲ್ಲೆ ತೆಗೆದು, ಪುಣ್ಯಕ್ಕೆ ಹಳೆಯ ಸಣ್ಣ ರಿಮ್ಮಿನದೇ ಆಗಿದ್ದ ಸ್ಟೆಪ್ನಿಯನ್ನು ನೇರವಾಗಿ ಹಬ್ಬಿಗೇ ಹಾಕಿ, ಕುಂಟುತ್ತಾ ಪುಣೆಗೆ ವಾಪಸಾದೆವು. ದೀಪಾವಳಿಗೆ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಹೆಂಡತಿ ಮಾತಾಡಲಿಲ್ಲ. ನಾನೂ ಆಡಲಿಲ್ಲ.

ಊರಿಂದ ಬಂದ ಮೇಲೆ ಭೋಸರಿಯ ಎಂ.ಐ.ಡಿ.ಸಿ.ಯಲ್ಲಿ ಒಂದು ಸಣ್ಣ ವರ್ಕ್‌ಶಾಪಿಗೆ ಹೋದೆ. ಮಾಲೀಕರು ಹರಿಹರದವರು ಅಂತ ಯಾರೋ ಹೇಳಿದ್ದರು. ಒಳಗೆ ಕಾಲಿಟ್ಟಾಗ ಮೊದಲು ಕಂಡದ್ದು ಅವರಲ್ಲ, ಅವರ ಲೇತು. ಅದರ ತಲೆಯ ಮೇಲೆ 'ಮೈಸೂರು ಕಿರ್ಲೋಸ್ಕರ್, ಹರಿಹರ' ಅಂತ ಎರಕದ ಅಕ್ಷರ. ಪುಣೆಯಲ್ಲಿ ಕಿರ್ಲೋಸ್ಕರ್ ಎಂಬ ಹೆಸರು ಮಹಾರಾಷ್ಟ್ರದ್ದೇ ಅಂತ ಎಲ್ಲರ ನಂಬಿಕೆ. ನಾವೂ ಹೂಂ ಅಂದುಬಿಡುತ್ತೇವೆ. ಆದರೆ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಉದ್ಯೋಗ ಶುರು ಮಾಡಿದ್ದು ನಮ್ಮ ಬೆಳಗಾವಿಯಲ್ಲಿ, ಒಂದು ಸೈಕಲ್ ಅಂಗಡಿಯಿಂದ. ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಊರು ಬೆಳೆದು ಅಂಗಡಿಯ ಜಾಗ ಹೋದಾಗ ಔಂಧ್ ಸಂಸ್ಥಾನಕ್ಕೆ ಹೋಗಿ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. 1941ರಲ್ಲಿ ಅದೇ ಮನೆತನ ಮೈಸೂರು ಸಂಸ್ಥಾನದ ಅಂಚಿಗೆ, ತುಂಗಭದ್ರೆಯ ದಡದ ಹರಿಹರಕ್ಕೆ ಬಂದು ಲೇತು ಮಾಡುವ ಕಾರ್ಖಾನೆ ಹಾಕಿತು. ಹೊಳೆಯ ಈಚೆ ಮೈಸೂರು, ಆಚೆ ಮುಂಬಯಿ ಪ್ರಾಂತ್ಯ. ಆ ಆಚೆ ದಂಡೆಯವರು ನಾವು. ನಮ್ಮ ಕಡೆಯ ಎಷ್ಟೋ ಹುಡುಗರು ಹೊಳೆ ದಾಟಿ ಹೋಗಿ ಅಲ್ಲಿ ಕೆಲಸ ಕಲಿತರು.

ನಮ್ಮ ಮೇಸ್ತ್ರಿಯೂ ಅಲ್ಲೇ ಅಪ್ರೆಂಟಿಸ್ ಆಗಿ ಕಲಿತು, ಎಂಬತ್ತರ ದಶಕದಲ್ಲಿ ಪುಣೆಗೆ ಬಂದವರು. ಕಾರ್ಖಾನೆ ಈ ಶತಮಾನದ ಆರಂಭದ ವರ್ಷಗಳಲ್ಲಿ ಬಾಗಿಲು ಮುಚ್ಚಿತು. "ಕಾರ್ಖಾನಿ ಇಲ್ಲ, ಅದು ಹೆತ್ತ ಲೇತು ಇನ್ನೂ ದುಡೀತದ" ಅಂದರು. ಬೇಸರವಾಗಲಿ ಹೆಮ್ಮೆಯಾಗಲಿ ಇರಲಿಲ್ಲ ಆ ಮಾತಿನಲ್ಲಿ. ಲೆಕ್ಕ ಹೇಳಿದ ಹಾಗಿತ್ತು.

ನಾನು ನಾಲ್ಕೂ ಬಿಲ್ಲೆಗಳನ್ನು ಮೇಜಿನ ಮೇಲಿಟ್ಟೆ. ಅವರು ಅವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕೆಂಪು ಬಣ್ಣದ ದ್ರವ ಸಿಂಪಡಿಸಿ, ಒರೆಸಿ, ಮೇಲೆ ಬಿಳಿ ಪುಡಿಯ ದ್ರವ ಹೊಡೆದರು. ಬಿರುಕಿನಲ್ಲಿ ಅಡಗಿದ್ದ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಎದ್ದು ಬಂತು. ಒಂದಲ್ಲ, ಮೂರು ಬಿಲ್ಲೆಗಳಲ್ಲಿ! "ಬೀಡು ಇದು, ಎರಕದ ಕಬ್ಬಿಣ. ಹಿಟ್ಟಿನ ಗಿರಣಿಗೆ ಆದೀತು, ಗಾಲಿಗಲ್ಲ" ಅಂದರು. ನಾಲ್ಕನೆಯದರಲ್ಲಿ ಬಿರುಕಿರಲಿಲ್ಲ, ಅದಕ್ಕಿಂತ ಕೆಟ್ಟದ್ದಿತ್ತು. ಯಾರೋ ಎರಡು ಸ್ಟಡ್ಡು ಬದಲಾಯಿಸಿದ್ದರು. ಜೀಪಿನ ಸ್ಟಡ್ಡು ಅರ್ಧ ಇಂಚು, ಅಂದರೆ 12.7 ಮಿ.ಮೀ., ಇಂಚಿಗೆ 20 ಸುತ್ತು. ಹಾಕಿದ್ದು 12 ಮಿ.ಮೀ.ನ ಮೆಟ್ರಿಕ್ ಸ್ಟಡ್ಡು, ಮೇಲೆ ಅರ್ಧ ಇಂಚಿನ ನಟ್ಟು. ಒಂದರ ಸುತ್ತಿನ ಅಂತರ 1.27 ಮಿ.ಮೀ., ಇನ್ನೊಂದರದು 1.25. ಸಲೀಸಾಗಿ ಹೋಗುತ್ತದೆ, ಬಿಗಿಯಾದ ಹಾಗೂ ಅನ್ನಿಸುತ್ತದೆ. ಆದರೆ ಹಲ್ಲಿಗೆ ಹಲ್ಲು ತುದಿಯಲ್ಲಷ್ಟೇ ತಾಗಿರುತ್ತದೆ.

ಈ ದೇಶದ ವರ್ಕ್‌ಶಾಪುಗಳ ಚರಿತ್ರೆಯೇ ಆ ಎರಡು ಸ್ಟಡ್ಡಿನಲ್ಲಿತ್ತು ಅಂತ ಆಮೇಲೆ ಅನ್ನಿಸಿತು. ಬ್ರಿಟಿಷರು ಬಿಟ್ಟುಹೋದದ್ದು ವಿಟ್‌ವರ್ತ್ ಚೂಡಿ, ಅರ್ಧ ಇಂಚಿನ ಬೋಲ್ಟಿಗೆ ಇಂಚಿಗೆ 12 ಸುತ್ತು. ಯುದ್ಧ ತಂದದ್ದು ಅಮೆರಿಕದ 20 ಸುತ್ತಿನದು. 1956ರಲ್ಲಿ ನಮ್ಮ ಪಾರ್ಲಿಮೆಂಟು ಅಳತೆ ಕಾನೂನು ಮಾಡಿದ ಮೇಲೆ ಬಂದದ್ದು ಮೆಟ್ರಿಕ್. ಮೂರೂ ಒಂದೇ ಡಬ್ಬಿಯಲ್ಲಿ ಬಿದ್ದಿರುತ್ತಿದ್ದವು. ಪುಣೆಯ ಜುನಾ ಬಾಜಾರಿನಲ್ಲಿ ಒಂದೊಂದು ನಟ್ಟನ್ನೂ ಬೆರಳಲ್ಲಿ ತಿರುಗಿಸಿ ಗುರುತಿಸುವವರಿದ್ದರು, ತೂಕಕ್ಕೆ ಮಾರುವವರೂ ಇದ್ದರು. ಹಳೆಯ ಗಾಡಿಗಳನ್ನು ಇಷ್ಟು ವರ್ಷ ಓಡಿಸಿದ್ದು ಮೊದಲನೆಯವರು. ಎರಡನೆಯವರಿಂದ ಎಷ್ಟು ಗಾಲಿ ಕಳಚಿದವೋ, ಆ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ.

ಹೊಸ ಬಿಲ್ಲೆಗಳ ಕೆಲಸ ಹನ್ನೊಂದು ದಿನ ಹಿಡಿಯಿತು. ಮೊದಲು ಅಳತೆ. ಐದು ಸ್ಟಡ್ಡು ಕೂತ ವೃತ್ತದ ಅಡ್ಡಳತೆಯನ್ನು ನೇರವಾಗಿ ಅಳೆಯಲು ಬರುವುದಿಲ್ಲ, ಯಾಕೆಂದರೆ ಒಂದು ಸ್ಟಡ್ಡಿನ ಎದುರಿಗೆ ಇನ್ನೊಂದಿಲ್ಲ. ಪಕ್ಕಪಕ್ಕದ ಎರಡು ಸ್ಟಡ್ಡಿನ ನಡುವೆ ಅಳೆದು 1.701ರಿಂದ ಗುಣಿಸಬೇಕು. ಅವರು ಅಳೆದರು, 82.1 ಮಿ.ಮೀ. ನಾನು ಗುಣಿಸಿದೆ, 139.7, ಸರಿಯಾಗಿ ಐದೂವರೆ ಇಂಚು. ಈ ಅಳತೆ 1941ರ ಜೀಪಿನದೇ. ಆಮೇಲೆ ಇ.ಎನ್.8 ಉಕ್ಕಿನ ದುಂಡು ಸಲಾಕೆಯಿಂದ ಚಕ್ಕೆ ಕೊಯ್ದು, ಲೇತಿನಲ್ಲಿ ಎರಡೂ ಮುಖ ನಯ ಮಾಡಿ, ನಡುವಿನ ತೂತು ಹಬ್ಬಿನ ಕೊರಳಿಗೆ ಬೆರಳು ಜಾರುವಷ್ಟೂ ಸಡಿಲವಿಲ್ಲದೆ ಕೂರುವಂತೆ ಕೊರೆದರು. ಹೊರಗಡೆ ಅದೇ ಅಳತೆಯ ಕೊರಳು ಬಿಟ್ಟರು, ರಿಮ್ಮು ಅದರ ಮೇಲೆ ಕೂರಲಿ ಅಂತ.

ಐದು ತೂತು, ಅವುಗಳ ನಡುನಡುವೆ ಐದು ಸ್ಟಡ್ಡು, ಒಟ್ಟು ಹತ್ತು ಜಾಗ. ಡಿವೈಡಿಂಗ್ ಹೆಡ್ಡಿನ ಹಿಡಿಕೆಯನ್ನು 40 ಸುತ್ತು ತಿರುಗಿಸಿದರೆ ಕೆಲಸ ಒಂದು ಸುತ್ತು ಬರುತ್ತದೆ. ಹತ್ತು ಜಾಗಕ್ಕೆ ಪ್ರತಿ ಸಲ ನಾಲ್ಕು ಪೂರ್ತಿ ಸುತ್ತು. ಮೇಸ್ತ್ರಿ ಬಾಯಲ್ಲಿ "ಒಂದಾ... ಎರಡಾ... ಮೂರಾ... ನಾಲ್ಕಾ..." ಎಣಿಸುತ್ತಿದ್ದರು. ಇಪ್ಪತ್ತು ವರ್ಷ ಪುಣೆಯಲ್ಲಿದ್ದು ಮರಾಠಿಯಲ್ಲೇ ವ್ಯವಹಾರ ಮಾಡುತ್ತಿದ್ದವರು, ಎಣಿಕೆ ಮಾತ್ರ ಕನ್ನಡದಲ್ಲಿ. ನಾನು ಅದನ್ನು ಎತ್ತಿ ಆಡಿದಾಗ ನಕ್ಕು, "ಎಣಿಸೂಮುಂದ ತಪ್ಪಬಾರದಲ್ರೀ" ಅಂದರು.

ಜಗಳವಾದದ್ದು ಚೂಡಿಯ ವಿಷಯಕ್ಕೆ. ನಾನು ಇತಿಹಾಸದ ಹುಚ್ಚಿನವನು. ಎಡಗಡೆಯ ಹೊರಗಿನ ಸ್ಟಡ್ಡುಗಳೂ ಮೂಲದಂತೆ ಉಲ್ಟಾನೇ ಇರಲಿ ಅಂದೆ. ಅವರು ಒಪ್ಪಲಿಲ್ಲ. "ನಿಮ್ಮ ಗಾಡಿ ಮ್ಯೂಸಿಯಮ್ಮಿನಾಗ ನಿಲ್ಲೂದಾದ್ರ ಮಾಡಿಕೊಡ್ತೀನಿ. ಹಾದಿಮ್ಯಾಲ ಓಡೂದಾದ್ರ ಪಂಕ್ಚರ್ ತೆಗಿಯೋ ಹುಡುಗಗ ತಿಳಿಯೂ ಹಂಗ ಇರಬೇಕು." ಎರಡು ದಿನ ವಾದ ಮಾಡಿದೆ. ಆಮೇಲೆ ಘಾಟಿಯಲ್ಲಿ ಪೈಪಿನ ಮೇಲೆ ನಿಂತ ಹುಡುಗನ ನೆನಪಾಗಿ ಸುಮ್ಮನಾದೆ. ಹೊರಗಿನ ಇಪ್ಪತ್ತೂ ಸ್ಟಡ್ಡು ಅರ್ಧ ಇಂಚಿನವು, ಬಲ ಚೂಡಿಯವು, ಒಂದೇ ಜಾತಿ. ಒಳಗೆ, ಹಬ್ಬಿನ ಎಡಗಡೆ, ಕಂಪನಿ ಕೊಟ್ಟ ಉಲ್ಟಾ ಚೂಡಿ ಹಾಗೇ ಉಳಿಯಿತು. ಅದು ತಿಳಿಯದೆ ಮುಂದೆ ಯಾರಾದರೂ ಮುರಿದಾರು ಎಂದು ಎಡಗಡೆಯ ಎರಡು ಬಿಲ್ಲೆಗಳ ಮೇಲೆ ಗುರುತು ಹಾಕಬೇಕಿತ್ತು. ಮೂಲದಲ್ಲಿ ಸ್ಟಡ್ಡಿನ ತುದಿಗೆ ಇಂಗ್ಲಿಷಿನ 'ಎಲ್' ಇರುತ್ತಿತ್ತು. ಮೇಸ್ತ್ರಿ ಸೆಂಟರ್ ಪಂಚು ತಗೊಂಡು ಚುಕ್ಕಿ ಚುಕ್ಕಿಯಾಗಿ 'ಎಡ' ಅಂತ ಕನ್ನಡದಲ್ಲಿ ಕೂರಿಸಿದರು. "ಇಲ್ಲಿ ಯಾರಿಗೆ ತಿಳೀತದರೀ ಇದು?" ಅಂದೆ. "ತಿಳೀದಿದ್ರ ಕೇಳ್ತಾರ. ಕೇಳಿದ್ರ ಗಾಲಿ ಉಳೀತದ" ಅಂದರು.

ಕೂರಿಸುವಾಗ ಅವರು ಹೇಳಿದ ಒಂದು ಮಾತನ್ನು ಗಾಡಿ ಇರುವವರೆಲ್ಲ ಕೇಳಬೇಕು. ಚಕ್ರದ ಭಾರವನ್ನು ಸ್ಟಡ್ಡುಗಳು ಹೊರುತ್ತವೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ. ಸ್ಟಡ್ಡು ಎಳೆದು ಹಿಡಿಯುತ್ತದೆ ಅಷ್ಟೇ. ಆ ಎಳೆತದಿಂದ ಒಂದಕ್ಕೊಂದು ಒತ್ತಿ ನಿಂತ ಎರಡು ಮುಖಗಳ ಹಿಡಿತವೇ ಭಾರ ಹೊರುವುದು. ಅದಕ್ಕೇ ನಡುವೆ ಬಣ್ಣ, ತುಕ್ಕು, ಮಣ್ಣು ಏನೂ ಇರಕೂಡದು. ನಟ್ಟನ್ನು ಕಾಲಲ್ಲಿ ಒದ್ದು ಬಿಗಿಯದೆ ಟಾರ್ಕ್ ರೆಂಚಿನಲ್ಲಿ ಅಳತೆಯಿಟ್ಟು ಬಿಗಿಯಬೇಕು. ನೂರು ಕಿಲೋಮೀಟರಿಗೊಮ್ಮೆ ಮತ್ತೆ ನೋಡಬೇಕು.

2007ರ ಬೇಸಿಗೆಯಲ್ಲಿ ಅದೇ ಘಾಟಿ ಹತ್ತಿ ಊರಿಗೆ ಹೋದೆವು. ಹೊರಡುವ ಹಿಂದಿನ ದಿನ ಹೆಂಡತಿ ತಾನೇ ಭೋಸರಿಗೆ ಬಂದು, ತನ್ನ ಕುರ್ಚಿಯ ಕೆಳಗಿನ ಬಿಲ್ಲೆ ಯಾವುದು ಅಂತ ಕೇಳಿ ಮುಟ್ಟಿ ನೋಡಿ ಹೋಗಿದ್ದಳು. ಹನ್ನೆರಡು ವರ್ಷ ಆ ಬಿಲ್ಲೆಗಳ ಮೇಲೆ ಓಡಾಡಿದೆವು. ವರ್ಷಕ್ಕೊಮ್ಮೆ ಬಿಚ್ಚಿ ಅದೇ ಕೆಂಪು ಬಣ್ಣ ಹಾಕಿ ನೋಡುತ್ತಿದ್ದೆ, ಗೆರೆ ಕಾಣಲಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ ತಯಾರಕರ ಮೂಲ ಅಳತೆಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು ಎಂದು ತೀರ್ಪು ಕೊಟ್ಟಿತು. ಓದಿದವನೇ ಹಳೆಯ ಸಣ್ಣ ರಿಮ್ಮುಗಳನ್ನು ಹುಡುಕಿ ತಂದು ಬಿಲ್ಲೆಗಳನ್ನು ಬಿಚ್ಚಿಸಿದೆ. ನಿಜ ಹೇಳಬೇಕೆಂದರೆ ಮೊದಲೇ ಅಷ್ಟು ಮಾಡಿದ್ದರೆ ಬಿಲ್ಲೆಯೇ ಬೇಕಿರಲಿಲ್ಲ. ಮೇಸ್ತ್ರಿ ಮೊದಲ ದಿನವೇ ಇದನ್ನು ಹೇಳಿದ್ದರು, ನಾನು ಕೇಳಿರಲಿಲ್ಲ.

ಬಿಚ್ಚಿದ ದಿನ ಅವರಿಗೆ ತಿಳಿಸೋಣ ಅಂತ ಭೋಸರಿಗೆ ಹೋದೆ. ವರ್ಕ್‌ಶಾಪು ಮಗನ ಕೈಗೆ ಬಂದಿತ್ತು, ಕಂಪ್ಯೂಟರಿನ ಮೆಷಿನ್ನುಗಳು ಬಂದಿದ್ದವು. ಹಿರಿಯರು ಹರಿಹರಕ್ಕೆ ವಾಪಸು ಹೋಗಿದ್ದರು. ಮೂಲೆಯಲ್ಲಿ ಹಳೆಯ ಲೇತು ಇತ್ತು, ಎಣ್ಣೆ ಹಚ್ಚಿ ಮುಚ್ಚಿಟ್ಟಿದ್ದರು. "ಮಾರಿಬಿಡೂದಿಲ್ಲೇನು?" ಅಂದೆ. ಹುಡುಗ ಮರಾಠಿಯಲ್ಲಿ, ಉಲ್ಟಾ ಆಟೆ ಕೊರೆಯುವ ಕೆಲಸ ಬಂದಾಗ ಇನ್ನೂ ಅದರ ಮೇಲೇ ಮಾಡುತ್ತೇವೆ ಅಂದ. ನನ್ನ ಕೈಯಲ್ಲಿದ್ದ ಬಿಲ್ಲೆಯನ್ನು ತೆಗೆದುಕೊಂಡು ತಿರುಗಿಸಿ ನೋಡಿ, ಚುಕ್ಕಿಗಳ ಮೇಲೆ ಬೆರಳಾಡಿಸಿ, ಇದೇನು ಬರೆದಿದೆ ಅಂತ ಕೇಳಿದ.

ಹೇಳಿಕೊಟ್ಟೆ.